ಓರೆಯಾಗಿ ಹೆಪ್ಪುಗಟ್ಟಿದ ರಕ್ತ

"ಮುಟ್ಟಬೇಡ ಅಂದೆ ಅಲ್ವಾ? ಇನ್ನು ಉಸಿರಾಡಬೇಡ ಅಂತಾನೂ ಹೇಳಬೇಕಾ?"

ಅತ್ತಿಗೆ ಹೀಗೆ ಗದರಿದಾಗ ನನ್ನ ಮೂಗು ಆ ಪುಟ್ಟ ಟ್ಯೂಬುಗಳಿಂದ ಒಂದು ಗೇಣು ದೂರದಲ್ಲಿತ್ತು. ಕೈಗೆ ನೀಲಿ ಗವಸು, ತಲೆಗೆ ಟೋಪಿ, ಮೈಮೇಲೆ ನನ್ನಂಥವರು ಇಬ್ಬರು ಹಿಡಿಸುವಷ್ಟು ದೊಡ್ಡ ಬಿಳಿ ಕೋಟು. ಸುಳ್ಳು ಕ್ಲೇಮು ಹಾಕುವವರನ್ನು ವಿಮೆ ಕಂಪನಿಗೆ ಹಿಡಿದುಕೊಡುವುದು ನನ್ನ ಕೆಲಸ. ಸುಟ್ಟ ಅಂಗಡಿ, ನುಜ್ಜುಗುಜ್ಜಾದ ಕಾರು, ಎಲ್ಲ ನೋಡಿದ್ದೇನೆ. ಉಸಿರು ತಾಗಿದರೆ ಕೆಡುವ ಸಾಕ್ಷಿಯನ್ನು ನೋಡಿದ್ದು ಇದೇ ಮೊದಲು.

"ಮಾಸ್ಕ್ ಮೇಲೆಳ್ಕೋ. ನಿಮ್ಮಣ್ಣನ ಐಸ್ ಕ್ಯಾಂಡಿ ತಿಂದು ಬಂದು ನಾಲಿಗೆ ಇನ್ನೂ ಕೆಂಪಗಿದೆ. ಯಾರಾದ್ರೂ ನೋಡಿದ್ರೆ ನನ್ನ ಸ್ಯಾಂಪಲ್ ಕುಡಿದಿದ್ದೀಯ ಅನ್ಕೋತಾರೆ."

ಬಿಳಿ ಡಬ್ಬಿ ಡ್ರೈ ಐಸ್ ತುಂಬಿದ ತಟ್ಟೆಯ ಮೇಲೆ ಕೂತಿತ್ತು. ತೆಳ್ಳಗಿನ ಹೊಗೆ ಮೇಜಿನ ಅಂಚಿನಿಂದ ಇಳಿದು ನಮ್ಮ ಕಾಲ ಬಳಿ ಮಾಯವಾಗುತ್ತಿತ್ತು. ಒಳಗಿದ್ದದ್ದು ಮಕ್ಕಳ ರಕ್ತ, ಟ್ಯೂಬಿಗೊಂದು ನಂಬರು. ಮೊನ್ನೆ ಅತ್ತಿಗೆ ಇವುಗಳಲ್ಲಿ ಕೆಲವನ್ನು ಪರೀಕ್ಷೆಗೆ ಹಾಕಿದರೆ ಒಂದರಲ್ಲೂ ಏನೂ ಉಳಿದಿರಲಿಲ್ಲ. ಯಾರೋ ಡಬ್ಬಿಯನ್ನು ಕೆಡಿಸಿದ್ದಾರೆ, ಯಾರು ಅಂತ ಹುಡುಕುವ ಕೆಲಸವನ್ನು ಮನೆಮಂದಿಯೆಲ್ಲ ಸೇರಿ ನನ್ನ ತಲೆಗೆ ಕಟ್ಟಿದ್ದಾರೆ.

"ಇನ್ನೊಂದ್ಸಲ ಹೇಳಿ ಅತ್ತಿಗೆ. ದಡ್ಡಿಗೆ ಹೇಳೋ ಹಾಗೆ."

"ಇಷ್ಟು ದಿನ ಹೇಗೆ ಹೇಳ್ತಿದ್ದೆ ಅನ್ಕೊಂಡೆ?" ಅತ್ತಿಗೆ ನಕ್ಕರು. "ಡಿಎನ್‌ಎ ಅಂದ್ರೆ ಬೀರುವಿನಲ್ಲಿ ಬೀಗ ಹಾಕಿಟ್ಟ ದೊಡ್ಡ ಪುಸ್ತಕ. ಜೀವಕೋಶ ಅದನ್ನ ಹೊರಗೆ ತೆಗೆಯಲ್ಲ. ಬೇಕಾದ ಸಾಲನ್ನ ಮಾತ್ರ ಒಂದು ಚೀಟೀಲಿ ಬರ್ಕೊಂಡು ಕೆಲಸದ ಕೋಣೆಗೆ ಕಳಿಸುತ್ತೆ. ಆ ಚೀಟಿನೇ ಆರ್‌ಎನ್‌ಎ. ಕೆಲಸ ಮುಗಿದ ಮೇಲೆ ಚೀಟಿ ಹರಿದು ಬಿಸಾಕುತ್ತೆ. ಹರಿಯೋ ಕತ್ತರಿಗಳು ರಕ್ತದಲ್ಲೇ ಇರ್ತವೆ. ನಿನ್ನ ಬೆರಳ ಬೆವರಲ್ಲೂ ಇರ್ತವೆ. ಗಡ್ಡೆ ಕಟ್ಟಿಸಿಟ್ರೆ ಕತ್ತರಿಗಳು ತೆಪ್ಪಗಿರ್ತವೆ. ಕರಗಿತೋ, ಕಚಕಚ ಅಂತ ಶುರು ಹಚ್ಕೋತವೆ."

"ಕಾಯಿಲೆ ಚೀಟಿ ಯಾವುದು?"

"ಒಂದೇ ಒಂದು ಚೀಟಿ. ಹೃದಯದ ಸ್ನಾಯು ಸೋಲೋಕೆ ಎಷ್ಟೋ ತಿಂಗಳು ಮುಂಚೆನೇ ಅದು ರಕ್ತದಲ್ಲಿ ಬೇಕಾಬಿಟ್ಟಿ ಬರೋಕೆ ಶುರುವಾಗುತ್ತೆ. ಅದನ್ನ ಎಣಿಸಿದ್ರೆ ಕಾಯಿಲೆ ಮೊದಲೇ ಗೊತ್ತಾಗುತ್ತೆ. ಬೇರೆ ಚೀಟಿಗಳೂ ರಾಶಿ ಇರ್ತವೆ. ಗಂಡುಮಕ್ಕಳಲ್ಲಿ ಮಾತ್ರ ಬರೋ ಚೀಟಿಗಳೂ ಇವೆ."

"ಅಡುಗೆಮನೆ ಕಡೆ ತಲೆ ಹಾಕಬೇಡ ಅಂತ ಬರೆದಿರುತ್ತಾ ಅದರಲ್ಲಿ?"

"ನಿಮ್ಮಣ್ಣನಿಗೆ ಆ ಚೀಟಿ ಬಂದಿಲ್ಲ ಬಿಡು. ರಜಾ ಬಂದ್ರೆ ಸಾಕು, ಅಡುಗೆಮನೆ ಪೂರ್ತಿ ತೊಳೆದು ಒರೆಸಿ ಲಕಲಕ ಅನ್ನಿಸ್ತಾರೆ."

ನಗುತ್ತಲೇ ಹೇಳಿದರು, ಆದರೆ ಎಣಿಸಿದ ಟ್ಯೂಬುಗಳನ್ನೇ ಚಿಮಟದ ತುದಿಯಿಂದ ಮತ್ತೆ ಮತ್ತೆ ಎಣಿಸುತ್ತಿದ್ದರು. ನನಗೆ ಅಯ್ಯೋ ಅನ್ನಿಸಿತು. ನಾಳೆ ಬೆಳಿಗ್ಗೆ ಪರಿಶೀಲನಾ ಸಮಿತಿ ಬರುತ್ತದೆ. ಅವರ ಎದುರು ಇದೇ ರಕ್ತದಲ್ಲಿ ಹಿಂದೆ ಬಂದ ಫಲಿತಾಂಶವೇ ಮತ್ತೆ ಬರಬೇಕು. ಬಾರದಿದ್ದರೆ ಅತ್ತಿಗೆಯ ಲೆಕ್ಕವೇ ಕಟ್ಟುಕಥೆ ಅಂತಾಗುತ್ತದೆ, ಆ ಲೆಕ್ಕ ನಂಬಿ ಡಾಕ್ಟರು ಗುಬ್ಬಿಗೆ ಶುರು ಮಾಡಿದ ಔಷಧಿ ನಾಳೆಯೇ ನಿಲ್ಲುತ್ತದೆ.

ಗುಬ್ಬಿ ಅಂದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯುವ ಬದಲು ಕುಪ್ಪಳಿಸುವ ಒಬ್ಬಳು ಹುಡುಗಿ. ಅತ್ತಿಗೆ ಅವಳಿಗೆ ಇಟ್ಟ ಹೆಸರು ಅದು. ನನಗೆ ಒಮ್ಮೆ ಸಿಕ್ಕಿದ್ದಳು, ನನ್ನ ಕೆಲಸ ಕೇಳಿ ತನ್ನ ಕಳೆದುಹೋದ ರಬ್ಬರ್ ಹುಡುಕಿಕೊಡಲು ಹೇಳಿದ್ದಳು.

"ಹೊಸದಾಗಿ ರಕ್ತ ತೆಗೆಯೋಕಾಗಲ್ವಾ?"

"ಮಕ್ಕಳು ಈಗ ಔಷಧಿ ಮೇಲಿದ್ದಾರೆ, ಚೀಟಿ ಲೆಕ್ಕ ಬದಲಾಗಿರುತ್ತೆ. ಔಷಧಿಗೆ ಮುಂಚಿನ ರಕ್ತ ಅಂತ ಇದ್ದದ್ದು ಇದೊಂದೇ. ಪ್ರತಿ ಮಗುವಿನದೂ ಎರಡು ಟ್ಯೂಬಿಗೆ ಹಂಚಿ ಎರಡು ಡಬ್ಬಿ ಮಾಡಿದ್ದೆ. ಜೋಡಿ ಡಬ್ಬಿ ಈ ಕಟ್ಟಡಕ್ಕೆ ಸಾಮಾನು ಸಾಗಿಸುವಾಗ ಕಳೆದುಹೋಯ್ತು. ಎರಡು ದಿನ ಊಟ ಸೇರಿರಲಿಲ್ಲ ನನಗೆ." ಸ್ವಲ್ಪ ತಡೆದು ಹೇಳಿದರು, "ಕಾಯಿಲೆ ಇದ್ರೆ ಆ ಔಷಧಿ ಪ್ರಾಣ ಉಳಿಸುತ್ತೆ. ಇಲ್ದಿದ್ರೆ ಸುಮ್ನೆ ಕೊಡೋ ಅಂಥದ್ದಲ್ಲ. ಅದಕ್ಕೇ ಅವರು ಪುರಾವೆ ಕೇಳ್ತಿರೋದು. ಕೇಳೋದು ತಪ್ಪಲ್ಲ."

ನಾನು ಫ್ರೀಜರಿನ ಬಾಗಿಲು ತೆಗೆಸಿದೆ. ಆಳೆತ್ತರದ ಯಂತ್ರ, ಒಳಗೆಲ್ಲ ಹಿಮ. ಮೇಲಿನ ತಟ್ಟೆಯಲ್ಲಿ ಒಂದು ಲೋಟ ಮಂಜುಗಡ್ಡೆ, ಅದರ ಮೇಲೆ ಒಂದು ನಾಣ್ಯ.

"ಇದೇನು, ಹರಕೆನಾ?"

"ಕಾವಲು. ಕರೆಂಟ್ ಹೋಗಿ ಗಡ್ಡೆ ಕರಗಿದ್ರೆ ನಾಣ್ಯ ಮುಳುಗಿಬಿಡುತ್ತೆ. ಆಮೇಲೆ ಮತ್ತೆ ಗಟ್ಟಿಯಾದ್ರೂ ತಳದಲ್ಲೇ ಇರುತ್ತೆ. ಫ್ರೀಜರ್ ಸುಳ್ಳು ಹೇಳೋಕಾಗಲ್ಲ."

ನಾಣ್ಯ ಮೇಲೆಯೇ ಇತ್ತು. ಅಂದರೆ ಫ್ರೀಜರ್ ನಿರಪರಾಧಿ. ಕರಗಿದ್ದು ಡಬ್ಬಿಯೊಂದೇ. ಹಾಗಾದರೆ ಡಬ್ಬಿ ಹೊರಗೆ ಹೋಗಿ ಬಂದಿದೆ.

ನಾನು ಮತ್ತೆ ಟ್ಯೂಬುಗಳ ಮೇಲೆ ಬಗ್ಗಿದೆ. ಅತ್ತಿಗೆಯಂಥವರು ಟ್ಯೂಬು ನೋಡುವುದಿಲ್ಲ, ಅದರ ಮೇಲಿನ ನಂಬರು ನೋಡುತ್ತಾರೆ. ಕ್ಷಣದಲ್ಲಿ ತೆಗೆದು ಕ್ಷಣದಲ್ಲಿ ಇಡಬೇಕಾದವರಿಗೆ ಅಷ್ಟೇ ಪುರುಸೊತ್ತು. ನನಗೆ ನಂಬರು ಅರ್ಥವಾಗದ್ದರಿಂದ ರಕ್ತವನ್ನು ನೋಡಿದೆ. ನಿಂತ ಟ್ಯೂಬಿನಲ್ಲಿ ಹೆಪ್ಪುಗಟ್ಟಿದ ರಕ್ತದ ಮೇಲ್ಮೈ ಮಟ್ಟಸವಾಗಿರಬೇಕು, ಲೋಟದ ಹಾಲಿನ ಹಾಗೆ. ಇಲ್ಲಿ ಎಲ್ಲ ಟ್ಯೂಬಿನಲ್ಲೂ ರಕ್ತ ಒಂದೇ ಕಡೆಯ ಗೋಡೆಗೆ ಒರಗಿ, ಓರೆಯಾಗಿ ಗಟ್ಟಿಯಾಗಿತ್ತು.

"ಅತ್ತಿಗೆ, ಇವು ನಿಂತುಕೊಂಡು ಗಡ್ಡೆ ಕಟ್ಟಿಲ್ಲ. ಮಲಗಿಕೊಂಡು ಕಟ್ಟಿವೆ."

ಅತ್ತಿಗೆ ಬಗ್ಗಿ ನೋಡಿದರು. ಮಾಸ್ಕಿನ ಮೇಲೆ ಕಣ್ಣುಗಳು ದೊಡ್ಡದಾದವು. ಉಳಿದ ಟ್ಯೂಬುಗಳ ಮೇಲೆ ಅವರಿಗೆ ಒಂದಿಷ್ಟು ಆಸೆ ಇತ್ತು ಅಂತ ನನಗೆ ಆಗಲೇ ಗೊತ್ತಾದದ್ದು. ಅದನ್ನೂ ನಾನೇ ಕೊಂದಿದ್ದೆ.

ಇನ್ನೊಂದು ಸುಳಿವೂ ಸಿಕ್ಕಿತು. ಡಬ್ಬಿಯ ಒಂದು ಪಕ್ಕದಲ್ಲಿ ಹೆಬ್ಬೆರಳಗಲದ ಕೆಂಪು ಕಲೆ. ಚೆಲ್ಲಿದ ರಕ್ತ. ನಾನು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

"ಫ್ರೀಜರ್ ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ. ಪಕ್ಕದ ಲ್ಯಾಬಲ್ಲಿ ಕೈಗವಸು ಅಂತ ಕರೀತೀವಲ್ಲ, ಅವನ ಹತ್ರ. ಆಮೇಲೆ ನಮ್ಮ ಮೇಷ್ಟ್ರ ಹತ್ರ."

"ನನ್ನ ಹೆಸರು ಬಂತಲ್ಲ?" ಅಂತ ಬಾಗಿಲಿನಿಂದ ದನಿ ಬಂತು. ಮೇಷ್ಟ್ರು. ಅತ್ತಿಗೆಗೆ ಪಿಪೆಟ್ಟು ಹಿಡಿಯುವುದನ್ನು ಕಲಿಸಿದ ಗುರುಗಳು. ನಿವೃತ್ತರಾದರೂ ಲ್ಯಾಬಿನ ಮೂಲೆಯಲ್ಲಿ ಒಂದು ಮೇಜು, ಹೆಗಲಿಗೆ ಒಂದು ದೊಡ್ಡ ಬಟ್ಟೆಚೀಲ, ಇವೆರಡನ್ನೂ ಬಿಟ್ಟಿಲ್ಲ. ನಾಳೆಯ ಸಮಿತಿಯಲ್ಲೂ ಅವರಿದ್ದಾರೆ. "ಪತ್ತೇದಾರಮ್ಮ, ನನ್ನನ್ನೂ ಬಿಡಬೇಡ. ಎಲ್ಲರನ್ನೂ ವಿಚಾರಿಸು."

"ಸರ್, ಅವಳಿಗೆ ನೀವು ಬೇರೆ ಸಲಿಗೆ ಕೊಡಬೇಡಿ," ಅಂದರು ಅತ್ತಿಗೆ. "ಸಂಜೆ ಮನೆಗೆ ಬನ್ನಿ. ನಾಳೇದನ್ನೇ ಯೋಚಿಸ್ತಾ ಕೂತ್ರೆ ಹುಚ್ಚು ಹಿಡಿಯುತ್ತೆ."

"ಬರ್ತೀನಮ್ಮ. ನಿನಗೊಂದು ಮಾತು ಹೇಳೋದೂ ಇದೆ." ಅವರು ಅತ್ತಿಗೆಯ ತಲೆ ಮೇಲೊಮ್ಮೆ ಕೈಯಿಟ್ಟು ಹೊರಟುಹೋದರು.

ಉಳಿದವನು ಕೈಗವಸು. ಆ ಮನುಷ್ಯ ಗವಸಿಲ್ಲದೆ ಬಾಗಿಲ ಹಿಡಿಯನ್ನೂ ಮುಟ್ಟುವುದಿಲ್ಲ. ಯಾರಾದರೂ ಕೈ ಚಾಚಿದರೆ ಮೊಣಕೈ ಚಾಚುತ್ತಾನೆ. ಅತ್ತಿಗೆಯ ಜೊತೆ ಫ್ರೀಜರಿನ ತಟ್ಟೆಗಳ ವಿಷಯಕ್ಕೆ ಜಗಳವಾಡಿದ್ದಾನೆ, ತುಂಬಿದ ಸಭೆಯಲ್ಲಿ "ಈ ಫಲಿತಾಂಶ ನನಗೆ ನಂಬಿಕೆ ಬರಲ್ಲ" ಅಂದಿದ್ದಾನೆ. ಇಷ್ಟು ಒಳ್ಳೆಯ ಅಪರಾಧಿ ನನ್ನ ಕೆಲಸದಲ್ಲಿ ಸಿಗುವುದು ಅಪರೂಪ. ತಟ್ಟೆ ಸಮೇತ ಡಬ್ಬಿಯನ್ನೆತ್ತಿಕೊಂಡು ಅವನ ಕೋಣೆಗೆ ನುಗ್ಗಿದೆ.

ಅವನು ಗವಸು ಹಾಕಿಕೊಂಡೇ ಟೀ ಕುಡಿಯುತ್ತಿದ್ದ.

"ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದನ್ನ ಈಗಷ್ಟೇ ಒರೆಸಿದ್ದೀನಿ."

"ನಿಂತೇ ಮಾತಾಡ್ತೀನಿ. ಈ ಡಬ್ಬಿ ಯಾವತ್ತು ಹೊರಗೆ ತಗೊಂಡು ಹೋದ್ರಿ?"

ಅವನಿಗೆ ಟೀ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡ. "ನಾನಾ?"

"ಬೀಗದ ಕೈ ನಿಮ್ಮ ಹತ್ರ ಇದೆ. ಅತ್ತಿಗೆ ಕಂಡ್ರೆ ನಿಮಗೆ ಆಗಲ್ಲ. ನಾಳೆ ಅವರು ಸೋತ್ರೆ ಇಡೀ ಫ್ರೀಜರ್ ನಿಮ್ಮದೇ."

"ಮೇಡಂ, ನಿಮ್ಮತ್ತಿಗೆ ಕಂಡ್ರೆ ಆಗಲ್ಲ, ನಿಜ. ಅವರು ನನ್ನ ತಟ್ಟೇಲಿ ಅವರ ಡಬ್ಬಿ ಇಡ್ತಾರೆ. ಅವರ ಲೆಕ್ಕದ ಮೇಲೆ ಅನುಮಾನನೂ ಇದೆ, ಅದೂ ನಿಜ." ಲೋಟವನ್ನು ಕೆಳಗಿಟ್ಟ. "ಆದ್ರೆ ಆರ್‌ಎನ್‌ಎ ಇರೋ ಸ್ಯಾಂಪಲ್ ಕರಗೋಕೆ ಬಿಡೋದಾ? ನಾನಾ? ನನ್ನ ಹೆಂಡತಿ ಮನೇಲಿ ಹಾಲಿನ ಪಾತ್ರೆ ಮುಚ್ಚದೆ ಇಟ್ರೆ ನನಗೆ ನಿದ್ದೆ ಬರಲ್ಲ. ಕೊಡಿ ಇಲ್ಲಿ."

ಹೊಸ ಗವಸು ಹಾಕಿಕೊಂಡ. ಹಳೇ ಗವಸಿನ ಮೇಲೇ ಹಾಕಿಕೊಂಡ. ಒಂದು ಟ್ಯೂಬನ್ನು ಚಿಮಟದಲ್ಲಿ ಎತ್ತಿ ದೀಪಕ್ಕೆ ಹಿಡಿದ. ಅವನ ಮುಖದಲ್ಲಿ ಕಳ್ಳನ ಗಾಬರಿ ಇರಲಿಲ್ಲ. ಒಡೆದ ಆಟಿಕೆ ನೋಡಿದ ಮಗುವಿನ ಸಂಕಟ ಇತ್ತು.

"ಅಯ್ಯೋ. ಎಲ್ಲಾನೂ ಹೀಗೇನಾ?"

"ಎಲ್ಲಾನೂ. ಮಲಗಿಸಿ ಯಾರ ಜೇಬಲ್ಲಿಟ್ಟಿದ್ರು?"

"ಜೇಬಲ್ಲಿದ್ದಿದ್ರೆ ಒಂದೊಂದು ಒಂದೊಂದು ಕಡೆ ವಾಲಿರ್ತಿತ್ತು. ಇಲ್ಲಿ ಎಲ್ಲಾನೂ ಡಬ್ಬಿಯ ಒಂದೇ ಪಕ್ಕಕ್ಕೆ ವಾಲಿವೆ. ಅಂದ್ರೆ ಇಡೀ ಡಬ್ಬಿನೇ ಪುಸ್ತಕ ನಿಲ್ಲಿಸೋ ಹಾಗೆ ಅಡ್ಡಡ್ಡ ನಿಲ್ಲಿಸಿದ್ದಾರೆ. ಈ ಕಟ್ಟಡದ ಯಾವ ಫ್ರೀಜರಲ್ಲೂ ಹಾಗೆ ನಿಲ್ಲಿಸೋಕಾಗಲ್ಲ. ಎಲ್ಲ ಕಡೆ ಡಬ್ಬಿ ಅಳತೆಯ ಗೂಡುಗಳು, ಮಟ್ಟಸವಾಗಿ ತಳ್ಳಿದ್ರೆ ಮಾತ್ರ ಹೋಗುತ್ತೆ. ಬನ್ನಿ, ತೋರಿಸ್ತೀನಿ."

ತೋರಿಸಿದ. ಖಾಲಿ ಡಬ್ಬಿಯನ್ನು ನಾನೇ ನಿಲ್ಲಿಸಲು ನೋಡಿದೆ. ಹೋಗಲಿಲ್ಲ. ನನ್ನ ಅಪರಾಧಿ ಕೈಜಾರುತ್ತಿದ್ದ.

"ಹಾಗಾದ್ರೆ ಈ ರಕ್ತದ ಕಲೆ? ಬೆರಳು ಕುಯ್ಕೊಂಡಿರಲಿಲ್ವಾ ನೀವು?"

ಅವನು ಕಲೆಯನ್ನು ಬಹಳ ಹೊತ್ತು ನೋಡಿದ. ಒದ್ದೆ ಹತ್ತಿಯಿಂದ ಅದರ ಅಂಚನ್ನು ಸವರಿ, ಎರಡು ಬೆರಳುಗಳ ನಡುವೆ ಒತ್ತಿ ಬಿಡಿಸಿದ. ಗವಸುಗಳು ಅಂಟಿಕೊಂಡು ಚಟ್ ಅಂತ ಬಿಟ್ಟವು.

"ರಕ್ತ ಒಣಗಿದ್ರೆ ಕಂದು ಬಣ್ಣಕ್ಕೆ ತಿರುಗುತ್ತೆ. ಇದು ಇನ್ನೂ ಥಳಥಳ ಕೆಂಪು. ಅಂಟಂಟು ಬೇರೆ. ಇದು ಸಕ್ಕರೆ ಪಾಕ, ತಿನ್ನೋ ಬಣ್ಣ ಹಾಕಿದ್ದು." ಅವನು ತಲೆಯೆತ್ತಿ ನನ್ನನ್ನೇ ದಿಟ್ಟಿಸಿದ. ಟೀ ಆವಿಗೆ ಸೆಕೆಯಾಗಿ ನಾನು ಯಾವಾಗಲೋ ಮಾಸ್ಕ್ ಕೆಳಗೆಳೆದಿದ್ದೆ. "ಮೇಡಂ, ಸ್ವಲ್ಪ ನಾಲಿಗೆ ಚಾಚಿ."

"ಏನಂದ್ರಿ?"

"ನಾಲಿಗೆ. ದಯವಿಟ್ಟು."

ಚಾಚಿದೆ. ಅವನು ಕಲೆಯನ್ನೂ ನನ್ನ ನಾಲಿಗೆಯನ್ನೂ ಮೂರು ಸಲ ಹೋಲಿಸಿ ನೋಡಿದ. ಪತ್ತೇದಾರಿಯಾದ ಮೇಲೆ ಶಂಕಿತನೊಬ್ಬನ ಎದುರು ನಾಲಿಗೆ ಚಾಚಿ ನಿಂತದ್ದು ಇದೇ ಮೊದಲು, ಇದೇ ಕೊನೆಯೂ ಆಗಲಿ.

"ಒಂದೇ ಬಣ್ಣ," ಅಂದ. "ಬೆಳಿಗ್ಗೆ ಏನು ತಿಂದ್ರಿ?"

ಅಣ್ಣನ ಮನೆಯ ಫ್ರಿಜ್ಜು ಕಣ್ಮುಂದೆ ಬಂತು. ಮೇಲೊಂದು ಪುಟ್ಟ ಫ್ರೀಜರು, ಅದರ ತುಂಬ ಐಸ್ ಕ್ಯಾಂಡಿ ಅಚ್ಚುಗಳು. ಅಲ್ಲಿ ಡಬ್ಬಿ ಇಡಬೇಕಾದರೆ ಪುಸ್ತಕದಂತೆ ಅಡ್ಡ ನಿಲ್ಲಿಸದೆ ಗತ್ಯಂತರವಿಲ್ಲ.

"ನಿಮ್ಮ ಮೇಲೆ ಸುಮ್ನೆ ಕೂಗಾಡಿದೆ," ಅಂದೆ, ಪೆಚ್ಚುಮೋರೆ ಹಾಕಿಕೊಂಡು.

"ಪರವಾಗಿಲ್ಲ. ಕುರ್ಚಿ ಮುಟ್ಟಲಿಲ್ಲವಲ್ಲ." ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದ, "ನೋಡಿ, ಒಂದೇ ಒಂದು ಒಳ್ಳೆ ಟ್ಯೂಬ್ ಎಲ್ಲಾದ್ರೂ ಸಿಕ್ರೂ ತನ್ನಿ. ನನ್ನ ಮೆಷಿನ್ ಖಾಲಿ ಮಾಡಿ ಕಾದಿರ್ತೀನಿ. ಅವರ ಲೆಕ್ಕ ತಪ್ಪು ಅಂತ ನಾನೇ ಸಾಬೀತು ಮಾಡಬೇಕು. ಹೀಗೆ ಕರಗಿ ಹೋಗಿ ಅಲ್ಲ."

ಇಂಥ ಶತ್ರು ಎಲ್ಲರಿಗೂ ಒಬ್ಬ ಇರಲಿ ಅಂದುಕೊಂಡೆ.

ಅಣ್ಣ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಈಗ ರಜೆ. ನಾನು ಅಡುಗೆಮನೆಗೆ ಹೋದಾಗ ಸೊಂಟಕ್ಕೆ ಟವಲ್ ಸುತ್ತಿಕೊಂಡು, ಹಾಡು ಗುನುಗುತ್ತ, ಅಚ್ಚುಗಳಿಗೆ ಕೆಂಪು ಪಾಕ ಸುರಿಯುತ್ತಿದ್ದ.

"ಬಾ ಪುಟ್ಟಿ, ಇನ್ನೊಂದು ತಿಂತೀಯಾ?"

"ಈ ಫ್ರೀಜರಲ್ಲಿ ಒಂದು ಬಿಳಿ ಡಬ್ಬಿ ಇತ್ತಾ ಅಣ್ಣ?"

ಹಾಡು ನಿಂತಿತು. ಪಾಕ ಅಚ್ಚು ತುಂಬಿ ಹೊರಗೆ ಹರಿಯಿತು. ಸುಳ್ಳು ಹೇಳಲು ಬಾರದ ಮನುಷ್ಯ, ಚಿಕ್ಕಂದಿನಿಂದಲೂ ಹಾಗೇ.

"ಮೇಷ್ಟ್ರು ಯಾರಿಗೂ ಹೇಳ್ಬೇಡ ಅಂದಿದ್ರು," ಅಂದ.

"ಯಾವ ಮೇಷ್ಟ್ರು?"

"ಇನ್ಯಾವ ಮೇಷ್ಟ್ರು? ಅವಳ ಮೇಷ್ಟ್ರು. ಹೋದ ವಾರ ಭಾನುವಾರ ಬೆಳಿಗ್ಗೆ, ಅವಳು ಊರಲ್ಲಿ ಇಲ್ಲದಾಗ ಬಂದಿದ್ರು, ಆ ದೊಡ್ಡ ಚೀಲದಲ್ಲಿ ಎರಡು ಡಬ್ಬಿ. ಲ್ಯಾಬ್ ಬಾಗಿಲು ಹಾಕಿಬಿಟ್ಟಿದ್ದಾರೆ, ಇದೊಂದು ನಾಳೆವರೆಗೆ ಇಲ್ಲಿರಲಿ, ಇನ್ನೊಂದನ್ನ ನಾನು ಒಂದು ಕಡೆ ಒಯ್ಯಬೇಕು ಅಂದ್ರು. ನಿನ್ನ ಹೆಂಡತಿಗೆ ಮಾತ್ರ ಹೇಳ್ಬೇಡ ಅಂದ್ರು. ಅವಳ ಹುಟ್ಟುಹಬ್ಬ ಹತ್ರ ಬಂತಲ್ಲ, ಏನೋ ಉಡುಗೊರೆ ಅನ್ಕೊಂಡೆ ಕಣೇ."

ಮೇಷ್ಟ್ರು. ಅತ್ತಿಗೆ ಅಪ್ಪನಿಗಿಂತ ಹೆಚ್ಚು ನಂಬಿದ ಮನುಷ್ಯ. ಆ ಎರಡನೇ ಡಬ್ಬಿ ಯಾವುದು ಅಂತ ಯೋಚಿಸಲೂ ಭಯವಾಯಿತು.

"ಆ ಡಬ್ಬಿ ಕರಗಿದ್ದು ಹೇಗೆ?"

"ಕರಗಬಾರದಿತ್ತಾ?" ಅಣ್ಣನ ದನಿ ಸಣ್ಣದಾಯಿತು. "ಸುತ್ತ ಹೊಗೆ ಬರೋ ಐಸ್ ಹಾಕಿಟ್ಟಿದ್ರು. ಅದನ್ನ ಸಿಂಕಿಗೆ ಸುರಿದೆ, ಒಳ್ಳೆ ಮಜಾ ಬಂತು. ಫ್ರಿಜ್ ಆಫ್ ಮಾಡಿ ತೊಳೆದೆ. ಸಂಜೆ ಮತ್ತೆ ಒಳಗಿಟ್ಟೆ, ಅಚ್ಚುಗಳಿಗೆ ಜಾಗ ಆಗಲಿ ಅಂತ ಪಕ್ಕಕ್ಕೆ ನಿಲ್ಲಿಸಿದೆ. ಬೆಳಿಗ್ಗೆ ಬಂದು ತಗೊಂಡು ಹೋದ್ರು. ಯಾಕೆ, ಏನಿತ್ತು ಅದರಲ್ಲಿ?"

ಹೇಳಿದೆ. ಹೇಳದೆ ಇರಬಹುದಿತ್ತು ಅಂತ ಅವನ ಮುಖ ನೋಡಿದ ಮೇಲೆ ಅನ್ನಿಸಿತು. ಅವನು ಗೋಡೆಗೆ ಒರಗಿ ಕೆಂಪಾದ ಅಂಗೈಗಳನ್ನು ನೋಡುತ್ತ ನಿಂತುಬಿಟ್ಟ.

"ಗುಬ್ಬೀದೂ ಇತ್ತಾ?" ಅಂತ ಕೇಳಿದ. ನಾನು ಹೂಂ ಅಂದೆ.

ಆಗಲೇ ಬೀದಿಬಾಗಿಲು ತೆರೆದ ಸದ್ದಾಯಿತು. "ಯಾರು ಬಂದಿದ್ದಾರೆ ನೋಡಿ," ಅಂತ ಅತ್ತಿಗೆಯ ದನಿ. ಮೊನ್ನೆಯಿಂದ ಅವರ ಗಂಟಲಲ್ಲಿ ಅಷ್ಟು ಸಂತೋಷ ನಾನು ಕೇಳಿರಲಿಲ್ಲ. "ಬನ್ನಿ ಸರ್, ಒಳಗೆ ಬನ್ನಿ."

ನಾನು ಕೋಣೆಗೆ ಬಂದೆ, ಹಿಂದೆಯೇ ಅಣ್ಣ. ಮೇಷ್ಟ್ರು ಚಪ್ಪಲಿ ಬಿಡುತ್ತಿದ್ದರು. ಅವರ ಹೆಗಲ ಚೀಲದ ಬಾಯಿಂದ ತೆಳ್ಳಗೆ ಬಿಳಿ ಹೊಗೆ ಇಳಿದು ನೆಲ ಸೇರುತ್ತಿತ್ತು.

"ಸರ್, ಚೀಲದಲ್ಲಿ ಏನಿದೆ?" ಅಂದೆ.

"ಲೇ, ಬಂದವರನ್ನ ಬಾಗಿಲಲ್ಲೇ ವಿಚಾರಣೆ ಮಾಡ್ತೀಯಾ," ಅಂತ ನಗುತ್ತ ತಿರುಗಿದ ಅತ್ತಿಗೆ ಹೊಗೆ ನೋಡಿದರು. ನಗು ಅಲ್ಲೇ ನಿಂತಿತು.

ಮೇಷ್ಟ್ರು ತಪ್ಪಿಸಿಕೊಳ್ಳಲು ನೋಡಲಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟು ಡಬ್ಬಿಯನ್ನು ಹೊರಗೆ ತೆಗೆದರು. ಬಿಳಿ ಡಬ್ಬಿ, ಮುಚ್ಚಳದ ಮೇಲೆ ಅತ್ತಿಗೆಯದೇ ಅಕ್ಷರ. ಕಳೆದುಹೋಯಿತು ಅಂತ ಎರಡು ದಿನ ಊಟ ಬಿಟ್ಟ ಜೋಡಿ ಡಬ್ಬಿ.

"ಸರ್," ಅಂದರು ಅತ್ತಿಗೆ. ಮುಚ್ಚಳದ ಮೇಲಿನ ತಮ್ಮ ಅಕ್ಷರವನ್ನು ಬೆರಳಿಂದ ಸವರಿ ನೋಡಿದರು.

"ಹಳೇ ಕಟ್ಟಡದ ಫ್ರೀಜರಲ್ಲಿ ಸಿಕ್ತು, ಹೇಳದೆ ಯಾಕೆ ಇಟ್ಕೊಂಡೆ ಅನ್ನೋದನ್ನ ಆಮೇಲೆ ಕೇಳು. ಆಮೇಲೆ ಎಷ್ಟು ಬೇಕಾದ್ರೂ ಬೈಯಿ. ನಿನ್ನನ್ನ ಸುಳ್ಳಿ ಅಂದಾಗ ನನಗೆ ತಡ್ಕೊಳ್ಳೋಕಾಗಲಿಲ್ಲ. ಹೊರಗೆ ಗೆಳೆಯನ ಲ್ಯಾಬಲ್ಲಿ ನಾನೇ ಕೂತು ನೋಡಿದೆ. ಇದರಲ್ಲಿ ಒಂದು ಚೀಟಿನೂ ಹರಿದಿಲ್ಲ. ಕಾಯಿಲೆ ಚೀಟಿ ನೀನು ಹೇಳಿದಷ್ಟೇ ಇದೆ. ನಿನ್ನ ಲೆಕ್ಕ ಸರಿ ಇದೆಯಮ್ಮ."

ಅಣ್ಣ ಹಿಂದೆ ಉಸಿರು ಬಿಟ್ಟು ಕುರ್ಚಿಯಲ್ಲಿ ಕುಸಿದ. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಒರೆಸಿಕೊಂಡೆ. ಕೈಗವಸಿಗೆ ಫೋನ್ ಮಾಡಬೇಕು, ಮೆಷಿನ್ ಕಾಯುತ್ತಿದೆ ಅಂತ ಹೇಳಲು ಬಾಯಿ ತೆರೆದೆ.

ಆದರೆ ಮೇಷ್ಟ್ರ ಮುಖದಲ್ಲಿ ನಗು ಇರಲಿಲ್ಲ. ಅವರು ಅತ್ತಿಗೆಯ ಎರಡೂ ಕೈ ಹಿಡಿದುಕೊಂಡರು.

"ಒಂದು ಟ್ಯೂಬ್ ಮಾತ್ರ ನನಗೆ ನಿದ್ದೆ ಕೊಡಲಿಲ್ಲ. ಅದಕ್ಕೇ ನಿನ್ನ ಡಬ್ಬಿನೂ ಕದ್ದು ಒಯ್ದೆ, ಅದರಿಂದಲೂ ಒಂದು ತೊಟ್ಟು ತೆಗೆದು ನೋಡಿದೆ. ಇವತ್ತಷ್ಟೇ ಖಚಿತವಾಯ್ತು, ಎರಡರಲ್ಲೂ ಅದೇ. ಗುಬ್ಬಿ ನಂಬರಿನ ಟ್ಯೂಬಲ್ಲಿ ಗಂಡುಮಕ್ಕಳಲ್ಲಿ ಮಾತ್ರ ಬರೋ ಚೀಟಿಗಳಿವೆ. ಅದು ಗುಬ್ಬಿ ರಕ್ತ ಅಲ್ಲ. ಯಾವನೋ ಒಬ್ಬ ಹುಡುಗಂದು."

ಹೊಗೆ ಮೇಜಿನಿಂದ ಇಳಿಯುತ್ತಲೇ ಇತ್ತು. ಅತ್ತಿಗೆ ಸಮಿತಿಯ ಬಗ್ಗೆ ಕೇ‍ಳಲಿಲ್ಲ, ಡಬ್ಬಿ ಕದ್ದದ್ದರ ಬಗ್ಗೆ ಕೇಳಲಿಲ್ಲ. ಡಾಕ್ಟರಿಗೆ ಫೋನ್ ಮಾಡಲು ಆಗಲೇ ಅವರ ಕೈ ಪರ್ಸಿನೊಳಗೆ ಹೋಗಿತ್ತು.

"ಗುಬ್ಬಿಗೆ ಸಂಜೆ ಮಾತ್ರೆ ಕೊಡಬೇಡಿ ಅಂತ ಮೊದಲು ಹೇಳ್ತೀನಿ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀನು ಹುಡುಕಬೇಕಾದ್ದು ಕಳ್ಳನನ್ನಲ್ಲ ಕಣೇ. ಔಷಧಿ ಇಲ್ದೆ ಎಲ್ಲೋ ಓಡಾಡ್ತಾ ಇರೋ ಆ ಹುಡುಗ ಎಲ್ಲಿ?"